ಬದಲಾಗದ ಕಡಲು, ಬತ್ತುವ ಕೆರೆ

ತುಮಕೂರಿನಲ್ಲಿ ಮೀನು ಕೊಳ್ಳುವವರ ಮೂಗಿಗೆ ಎರಡು ವಾಸನೆಗಳ ಗುರುತು ಚೆನ್ನಾಗಿರುತ್ತದೆ. ಮಲ್ಪೆ, ಮಂಗಳೂರಿನಲ್ಲಿ ಐಸ್ ತುಂಬಿಕೊಂಡು ಹೊರಟು, ಘಾಟಿ ಹತ್ತಿ, ಹಾಸನ ದಾಟಿ ಬರುವ ಬಂಗುಡೆ, ಬೂತಾಯಿಗಳದ್ದು ಮೂಗಿಗೆ ಅಡರುವ ಕೌಲು ವಾಸನೆ. ಅಕ್ಕಪಕ್ಕದ ಕೆರೆಯಲ್ಲಿ ನಸುಕಿಗೇ ಬಲೆ ಎಳೆದು ತಂದ ಕಾಟ್ಲಾ, ರೋಹುಗಳಲ್ಲಿ ಆ ಕೌಲು ಕಡಿಮೆ. ಅವುಗಳಲ್ಲಿರುವುದು ಮಣ್ಣಿನ ವಾಸನೆ. ಬೇಸಿಗೆಯಲ್ಲಿ ನೀರು ಹಸಿರುಗಟ್ಟಿದಾಗ ಹಿಡಿದ ಮೀನಿನಲ್ಲಿ ಅದು ಇನ್ನೂ ಜೋರು. ಸಾರಿಗೆ ಹುಣಸೆಹಣ್ಣನ್ನು ಧಾರಾಳವಾಗಿ ಕಿವುಚಿ ಹಾಕಿದರೆ ಎರಡೂ ಇಳಿಯುತ್ತವೆ. ಕಡಲಿನ ತಳದಲ್ಲಿ ಪ್ರಾಣಿಗಳು ಹೇಗೆ ಬದುಕಿವೆ ಎಂಬ ಪ್ರಶ್ನೆಯ ಒಂದು ದೊಡ್ಡ ಉತ್ತರ ಈ ಮೀನಿನ ಬುಟ್ಟಿಯಲ್ಲೇ ಇದೆ.

ಕೆರೆ ಮೀನಿನ ಮಣ್ಣಿನ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮುಂಗಾರಿನ ಮೊದಲ ಹನಿ ಬಿದ್ದಾಗ ಹೊಲದಿಂದ ಏಳುವ ಘಮವೂ ಅದರದೇ. ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳೂ ನೀರಿನಲ್ಲಿ ಸಯನೋಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ. ನಮ್ಮ ಮೂಗು ಅದಕ್ಕೆ ಎಷ್ಟು ಸೂಕ್ಷ್ಮ ಎಂದರೆ ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗ ಬೆರೆತಿದ್ದರೂ ಸಾಕು, ಗೊತ್ತಾಗಿಬಿಡುತ್ತದೆ. ಈ ಸಯನೋಬ್ಯಾಕ್ಟೀರಿಯಾಗಳ ಮಾತು ಅಧ್ಯಾಯದ ಕೊನೆಯ ಹೊತ್ತಿಗೆ ಮತ್ತೆ ಬರಲಿದೆ.

ಕಡಲ ಮೀನಿನ ಕೌಲಿಗೆ ಕಾರಣ ಬೇರೆ. ಕಡಲ ಮೀನುಗಳ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಸಣ್ಣ ಅಣು ಇರುತ್ತದೆ. ವಿಜ್ಞಾನಿಗಳು ಅದನ್ನು ಟಿಎಂಎಒ ಎಂದು ಕರೆಯುತ್ತಾರೆ. ಈ ಅಣುವಿಗೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಿಂದ ಆಮ್ಲಜನಕವನ್ನು ಕಿತ್ತುಕೊಂಡಾಗ ಉಳಿಯುವ ಟ್ರೈಮೀಥೈಲಮೀನ್ ನಾರುತ್ತದೆ. ಹುಣಸೆಯ ಹುಳಿ ಅದನ್ನು ಗಾಳಿಗೆ ಹಾರದ ಲವಣವಾಗಿಸುತ್ತದೆ. ಸಿಹಿನೀರಿನ ಮೀನುಗಳಲ್ಲಿ ಟಿಎಂಎಒ ತೀರಾ ಕಡಿಮೆ. ಬಂಗುಡೆಯಲ್ಲಿ ಸಾಕಷ್ಟಿದೆ. ಸಾವಿರಾರು ಮೀಟರ್ ಆಳದ ಮೀನುಗಳಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಇಳಿದಷ್ಟೂ ಅದು ಏರುತ್ತಲೇ ಹೋಗುತ್ತದೆ, ಅದೂ ಲೆಕ್ಕವಿಟ್ಟ ಹಾಗೆ ಒಂದೇ ಸಮನಾಗಿ. ಅಷ್ಟು ಆಳದಲ್ಲಿ ಆ ಅಣುವಿಗೆ ಏನು ಕೆಲಸ?

ಮೊದಲು ಆಳದ ಅಂದಾಜು ಬೇಕು. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಆ ರಸ್ತೆಯನ್ನು ಎತ್ತಿ ನೆಟ್ಟಗೆ ನೀರಿನೊಳಗೆ ಇಳಿಬಿಟ್ಟರೆ, ಭೂಮಿಯ ಅತ್ಯಂತ ಆಳದ ಜಾಗವಾದ ಪೆಸಿಫಿಕ್‌ನ ಮೇರಿಯಾನಾ ಕಂದಕದ ತಳ ಅರ್ಧ ದಾರಿಗೆಲ್ಲ ಬಂದುಬಿಡುತ್ತದೆ, ಹೆಚ್ಚುಕಡಿಮೆ 11 ಕಿಲೋಮೀಟರ್‌ಗೆ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್. ದೂರವಾಗಿ ನೋಡಿದರೆ ಇದು ಬೆಳಗಿನ ನಡಿಗೆಯಷ್ಟೇ. ಆದರೆ ಪ್ರತಿ 10 ಮೀಟರ್ ಇಳಿತಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. 4,000 ಮೀಟರ್ ಕೆಳಗೆ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ 400 ಕಿಲೋ ಭಾರ. ಬೆಳಕು 200 ಮೀಟರ್ ದಾಟುವ ಹೊತ್ತಿಗೆ ಗಿಡಗಳಿಗೆ ಸಾಲದಷ್ಟು ಮಂಕಾಗಿ, 1,000 ಮೀಟರ್ ಕೆಳಗೆ ಪೂರಾ ಮುಗಿದುಹೋಗುತ್ತದೆ.

ಒತ್ತಡ ಎಂದರೆ ಜಜ್ಜಿಹೋಗುವುದು ಎಂದು ನಾವು ಅಂದುಕೊಳ್ಳುತ್ತೇವೆ. ಜಜ್ಜುವುದು ಗಾಳಿ ತುಂಬಿದ ಟೊಳ್ಳನ್ನು ಮಾತ್ರ. ನಮ್ಮ ದೇಶ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಲ್ಲಿ ಕಟ್ಟುತ್ತಿರುವ ‘ಮತ್ಸ್ಯ-6000’ ನೌಕೆಯನ್ನು ನೋಡಿ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ಅದರ ಹೃದಯಭಾಗ 2.1 ಮೀಟರ್ ವ್ಯಾಸದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಲ. ಆ ದಪ್ಪವೆಲ್ಲ ಬೇಕಾಗಿರುವುದು ಒಳಗೆ ಕೂತವರ ಉಸಿರಿಗಾಗಿ ಗಾಳಿ ಇಡಬೇಕಾದ್ದರಿಂದ. ಆಳದ ಮೀನಿನ ಮೈಯಲ್ಲಿ ಹಾಗೆ ಕಾಪಾಡಬೇಕಾದ ಗಾಳಿಯೇ ಇರುವುದಿಲ್ಲ. ಮೇಲಿನ ನೀರಿನ ಮೀನುಗಳು ತೇಲಲು ಇಟ್ಟುಕೊಳ್ಳುವ ಗಾಳಿಚೀಲವನ್ನು ಅವುಗಳಲ್ಲಿ ಹಲವು ಬಿಟ್ಟೇಬಿಟ್ಟಿವೆ. ಮೈ ಎಂದರೆ ನೀರು, ಕೊಬ್ಬು, ಲೋಳೆ. ಒಳಗೂ ಹೊರಗೂ ಅದೇ ಒತ್ತಡ.

ಹಾಗಾದರೆ ತೊಂದರೆ ಇರುವುದು ಎಲ್ಲಿ? ಪ್ರೋಟೀನ್‌ಗಳಲ್ಲಿ. ಪ್ರೋಟೀನ್ ಅಣು ತನ್ನದೇ ಒಂದು ರೀತಿಯಲ್ಲಿ ಮಡಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಕೆಲಸ ಮಾಡುವಾಗ ಕೊಂಚ ತೆರೆದುಕೊಳ್ಳಬೇಕು, ಮತ್ತೆ ಮುಚ್ಚಿಕೊಳ್ಳಬೇಕು. ವಿಪರೀತ ಒತ್ತಡ ನೀರಿನ ಅಣುಗಳನ್ನು ಆ ಮಡಿಕೆಗಳೊಳಗೆ ತುರುಕಿ ಆಕಾರವನ್ನೇ ಕೆಡಿಸುತ್ತದೆ. ಟಿಎಂಎಒ ಸುತ್ತಲಿನ ನೀರನ್ನು ತನ್ನತ್ತ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಪ್ರೋಟೀನ್‌ಗೆ ತನ್ನ ಆಕಾರದಲ್ಲೇ ಉಳಿಯುವುದು ಸಾಧ್ಯವಾಗುತ್ತದೆ. ಮಾರುಕಟ್ಟೆಯಲ್ಲಿ ನಾವು ಮೂಗು ಮುಚ್ಚಿಕೊಳ್ಳುವುದು ಇದೇ ಅಣುವಿನ ಅವಶೇಷಕ್ಕೆ.

ಈ ರಕ್ಷಣೆಗೂ ಒಂದು ಮಿತಿ ಇದೆ. ಸಾಮಾನ್ಯ ಕಡಲ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಕಡಿಮೆ ಸಾಂದ್ರ. ಟಿಎಂಎಒ ಹೆಚ್ಚುತ್ತ ಹೋದಂತೆ ಆ ಸಾಂದ್ರತೆ ಏರುತ್ತ, ಒಂದು ಆಳದಲ್ಲಿ ಸಮುದ್ರದ ನೀರಿಗೆ ಸರಿಸಮ ಆಗುತ್ತದೆ. ಅದನ್ನೂ ಮೀರಿದರೆ ಹೊರಗಿನ ನೀರು ಮೈಯೊಳಗೆ ನುಗ್ಗತೊಡಗುತ್ತದೆ. ಪಾಲ್ ಯಾನ್ಸಿ ಎಂಬ ಜೀವವಿಜ್ಞಾನಿ ಮತ್ತು ಸಂಗಡಿಗರು 2014ರಲ್ಲಿ ಈ ಲೆಕ್ಕ ಹಾಕಿ, ಸುಮಾರು 8,200 ಮೀಟರ್‌ಗಿಂತ ಕೆಳಗೆ ಮೀನು ಬದುಕುವುದು ಕಷ್ಟ ಎಂದರು. 2022ರಲ್ಲಿ ಜಪಾನಿನ ದಕ್ಷಿಣಕ್ಕಿರುವ ಇಝು-ಒಗಾಸವಾರ ಕಂದಕಕ್ಕೆ ಇಳಿಸಿದ ಕ್ಯಾಮೆರಾ 8,336 ಮೀಟರ್‌ನಲ್ಲಿ ಒಂದು ಸ್ನೇಲ್‌ಫಿಶ್‌ನ ಚಿತ್ರ ಹಿಡಿಯಿತು. ಅದಕ್ಕಿಂತ ಆಳದಲ್ಲಿ ಇನ್ನೂ ಯಾರೂ ಮೀನು ಕಂಡಿಲ್ಲ. ಸೀಗಡಿಯ ದೂರದ ನೆಂಟರು, ಹುಳುಗಳು, ಕಡಲ ಸೌತೆಗಳು ಕಂದಕದ ತಳದವರೆಗೂ ಇವೆ. ಮೀನು ಮಾತ್ರ ಅಲ್ಲಿಗೇ ನಿಂತಿದೆ. ಕಾಗದದ ಮೇಲೆ ಹಾಕಿದ ಲೆಕ್ಕ ಎಂಟು ಕಿಲೋಮೀಟರ್ ನೀರಿನ ಕೆಳಗೆ ಇಷ್ಟು ಹತ್ತಿರಕ್ಕೆ ಸರಿಹೋದದ್ದು ನನಗೆ ವಿಜ್ಞಾನದ ಅತ್ಯಂತ ಚೆಂದದ ಗಳಿಗೆಗಳಲ್ಲಿ ಒಂದು ಎನಿಸುತ್ತದೆ.

ಆ ಸ್ನೇಲ್‌ಫಿಶ್ ನೋಡಲು ಭಯಂಕರವೇನಲ್ಲ. ಅಂಗೈಯಗಲಕ್ಕಿಂತ ತುಸು ಉದ್ದ, ಮಾಸಲು ಗುಲಾಬಿ, ಹುರುಪೆ ಇಲ್ಲ, ಮೂಳೆ ಮೆತ್ತಗೆ, ಚರ್ಮದ ಕೆಳಗೆ ಲೋಳೆ. ಆಳದ ಪ್ರಾಣಿ ಎಂದೊಡನೆ ಪತ್ರಿಕೆಗಳು ಕೋರೆಹಲ್ಲಿನ ಆಂಗ್ಲರ್ ಮೀನಿನ ಚಿತ್ರವನ್ನೇ ಹಾಕುತ್ತವೆ. ಅದರ ಕಥೆಯೂ ಸ್ವಾರಸ್ಯದ್ದೇ: ಕೆಲವು ಜಾತಿಗಳಲ್ಲಿ ಗಂಡು ಹೆಣ್ಣಿನ ಮೈಗೆ ಕಚ್ಚಿಕೊಂಡು, ರಕ್ತನಾಳವೂ ಬೆಸೆದುಹೋಗಿ, ಜೀವಮಾನವಿಡೀ ಅಲ್ಲೇ ಉಳಿಯುತ್ತದೆ. ಪರರ ಮೈಯನ್ನು ತಿರಸ್ಕರಿಸದಿರಲೆಂದು ಆ ಜಾತಿಗಳು ರೋಗನಿರೋಧಕ ವ್ಯವಸ್ಥೆಯ ಮುಖ್ಯ ಜೀನ್‌ಗಳನ್ನೇ ಕಳೆದುಕೊಂಡಿವೆ ಎಂದು 2020ರಲ್ಲಿ ಗೊತ್ತಾಯಿತು. ಆದರೂ ಆಳದ ನಿಜವಾದ ಪ್ರತಿನಿಧಿಯನ್ನು ಆರಿಸು ಎಂದರೆ ನಾನು ಆರಿಸುವುದು ಈ ಮೆತ್ತನೆಯ ಮೀನನ್ನೇ.

ಇನ್ನು ಊಟದ ಮಾತು. ಬೆಳಕಿಲ್ಲದ ಕಡೆ ಗಿಡವಿಲ್ಲ. ಆದ್ದರಿಂದ ತಿನ್ನುವುದು ಹೆಚ್ಚಾಗಿ ಮೇಲಿನಿಂದಲೇ ಉದುರಬೇಕು. ಸತ್ತ ಪ್ಲವಕಗಳು, ಹಿಕ್ಕೆ, ಲೋಳೆಯ ಚೂರುಗಳು ವಾರಗಟ್ಟಲೆ ಇಳಿಯುತ್ತ ಬರುತ್ತವೆ. ದಾರಿಯಲ್ಲೇ ಬಹುಪಾಲನ್ನು ಇತರರು ತಿಂದು ಮುಗಿಸುವುದರಿಂದ, ಮೇಲೆ ಹುಟ್ಟಿದ ಆಹಾರದಲ್ಲಿ ಆಳದ ತಳ ಮುಟ್ಟುವುದು ನೂರಕ್ಕೆ ಒಂದೆರಡು ಪಾಲು. ನೆಲದಿಂದಲೂ ಏನಾದರೂ ಹೋಗುವುದಿಲ್ಲವೇ? ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಹಾದು ಕಾವೇರಿ ಸೇರುತ್ತದೆ. ಅದೇ ಬೆಟ್ಟಗಳ ಇನ್ನೊಂದು ಮಗ್ಗುಲಿನಿಂದ ಹೊರಡುವ ಜಯಮಂಗಲಿ ಉತ್ತರ ಪಿನಾಕಿನಿಯ ಪಾಲು. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೇ. ಆದರೆ ನಮ್ಮ ಹೊಲಗಳ ಗೋಡು ಕೆರೆಗಳಲ್ಲಿ, ಅಣೆಕಟ್ಟುಗಳಲ್ಲಿ, ಅದನ್ನೂ ದಾಟಿದ್ದು ಮೆಟ್ಟೂರಿನಲ್ಲಿ ಕೂತುಬಿಡುತ್ತದೆ. ಬಂಗಾಳ ಕೊಲ್ಲಿಯ ತಳಕ್ಕೆ ಹಾಸಿದ ಹೂಳು ಹೆಚ್ಚಾಗಿ ಹಿಮಾಲಯದ್ದು.

ಅಂಥ ತಳದಲ್ಲಿ ಬದುಕುವ ಒಂದು ಪ್ರಾಣಿ ದೈತ್ಯ ಐಸೋಪಾಡ್. ಗುಬ್ಬಿ ಸುತ್ತಿನ ತೆಂಗು, ಅಡಿಕೆ ತೋಟಗಳಲ್ಲಿ ಕೊಳೆತ ಗರಿ ಎತ್ತಿದರೆ ಬೂದು ಬಣ್ಣದ, ಏಳು ಜೊತೆ ಕಾಲಿನ, ಮುಟ್ಟಿದರೆ ಉಂಡೆಯಾಗುವ ಪುಟ್ಟ ಜೀವಿ ಕಾಣುತ್ತದಲ್ಲ, ಅದು ಹುಳುವಲ್ಲ. ಏಡಿ, ಸೀಗಡಿಗಳ ಬಳಗದ್ದು. ಅದರ ಕಡಲಿನ ನೆಂಟ ಒಂದಡಿಗೂ ಮೀರಿ ಬೆಳೆಯುತ್ತದೆ. 1879ರಲ್ಲಿ ಮೆಕ್ಸಿಕೊ ಕೊಲ್ಲಿಯ ಮಾದರಿಯಿಂದ ಅದಕ್ಕೆ ಹೆಸರಿಟ್ಟರು. ಹೆಚ್ಚು ವರ್ಷ ಕಳೆಯುವ ಮೊದಲೇ ಅದೇ ಕುಲದ ಪ್ರಾಣಿ ಬಂಗಾಳ ಕೊಲ್ಲಿಯಲ್ಲಿ ‘ಇನ್ವೆಸ್ಟಿಗೇಟರ್’ ಹಡಗಿನ ಬಲೆಗೂ ಬಿತ್ತು. ಬ್ರಿಟಿಷ್ ಭಾರತದ ಈ ಸರ್ವೆ ಹಡಗಿನಲ್ಲಿ 1888ರಿಂದ 1892ರವರೆಗೆ ವೈದ್ಯ ಮತ್ತು ಪ್ರಕೃತಿಶಾಸ್ತ್ರಜ್ಞನಾಗಿದ್ದವನು ಆಲ್ಫ್ರೆಡ್ ಆಲ್ಕಾಕ್. ನಮ್ಮ ಸುತ್ತಲಿನ ಕಡಲಿನ ಆಳದಲ್ಲಿ ಯಾರಿದ್ದಾರೆ ಎಂಬ ಮೊದಲ ದೊಡ್ಡ ತಿಳಿವಳಿಕೆ ಬಂದದ್ದು ಆ ಹಡಗಿನಿಂದಲೇ. ಅದಕ್ಕೆ ಐವತ್ತು ವರ್ಷ ಹಿಂದೆ, 1840ರ ದಶಕದಲ್ಲಿ, ಎಡ್ವರ್ಡ್ ಫೋರ್ಬ್ಸ್ ಎಂಬ ಹೆಸರಾಂತ ವಿದ್ವಾಂಸ ಸುಮಾರು 550 ಮೀಟರ್ ಕೆಳಗೆ ಜೀವವೇ ಇರಲಾರದು ಎಂದಿದ್ದ.

ಐಸೋಪಾಡ್‌ನ ಬದುಕಿನ ಗುಟ್ಟು ಅದರ ನಿಧಾನದಲ್ಲಿದೆ. ಜಪಾನಿನ ಟೊಬಾ ಅಕ್ವೇರಿಯಂನಲ್ಲಿದ್ದ ಒಂದು 2009ರ ಜನವರಿಯಲ್ಲಿ ಮೀನು ತಿಂದದ್ದೇ ಕೊನೆ. 2014ರ ಫೆಬ್ರುವರಿಯಲ್ಲಿ ಸಾಯುವವರೆಗೆ ಐದು ವರ್ಷಕ್ಕೂ ಹೆಚ್ಚು ಕಾಲ ಬಾಯಿಗೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಎರಡು ಮೂರು ಡಿಗ್ರಿ ತಣ್ಣೀರಿನಲ್ಲಿ, ಓಡುವ ಅಗತ್ಯವಿಲ್ಲದ ಕಡೆ, ಮೈಯ ಖರ್ಚು ಅಷ್ಟು ಕಡಿಮೆ. ತಿಮಿಂಗಿಲದ ಹೆಣವೊಂದು ಬಿದ್ದಾಗ ಮೈ ಅಲುಗಾಡದಷ್ಟು ತಿನ್ನುವುದು, ಆಮೇಲೆ ಕಾಯುವುದು.

ಬೆಳಕಿನ ವಿಷಯ ಬಹಳ ಜನ ಬರೆದಿದ್ದಾರೆ, ನಾನು ಬೇಗ ದಾಟುತ್ತೇನೆ. ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಮೇಲಿನಿಂದ 4,000 ಮೀಟರ್‌ವರೆಗೆ ನಡೆದ ಎಣಿಕೆಯಲ್ಲಿ ನೀರಿನ ನಡುವೆ ಕಂಡ ಪ್ರಾಣಿಗಳ ಮುಕ್ಕಾಲು ಪಾಲು ತಾವೇ ಬೆಳಕು ಹುಟ್ಟಿಸಬಲ್ಲವಾಗಿದ್ದವು. ಮಿಂಚುಹುಳು ನಮಗೆ ಅಪರೂಪ ಎನಿಸುವುದು ನಾವು ನೆಲದವರಾದ್ದರಿಂದ. ನಾನು ನಿಲ್ಲಬೇಕೆಂದಿರುವುದು ಒಂದು ಬಣ್ಣದ ಬಳಿ. ಕೇರಳ, ತಮಿಳುನಾಡು ಕರಾವಳಿಯಾಚೆ ನೂರಾರು ಮೀಟರ್ ಆಳದಿಂದ ಬಲೆಗೆ ಬರುವ ಒಂದು ಸೀಗಡಿ ಮೈತುಂಬ ಕೆಂಪು. ಅದರ ವೈಜ್ಞಾನಿಕ ಹೆಸರು ಅರಿಸ್ಟಿಯಸ್ ಆಲ್ಕಾಕಿ. ಆಲ್ಕಾಕ್‌ನ ನೆನಪಿಗೆ ಇಟ್ಟದ್ದು. ಸೂರ್ಯನ ಬೆಳಕಿನಲ್ಲಿ ನೀರು ಮೊದಲು ಹೀರಿಕೊಳ್ಳುವುದು ಕೆಂಪನ್ನೇ. ಆಳಕ್ಕೆ ಇಳಿಯುವುದು ನೀಲಿ ಮಾತ್ರ. ಆಳದ ಪ್ರಾಣಿಗಳು ಹುಟ್ಟಿಸುವ ಬೆಳಕೂ ಹೆಚ್ಚಾಗಿ ನೀಲಿ. ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ಕಣ್ಣಿಗೆ ಕಪ್ಪು. ಬುಟ್ಟಿಯಲ್ಲಿ ಎದ್ದು ಕಾಣುವ ಸೀಗಡಿ ತನ್ನ ಮನೆಯಲ್ಲಿ ಕಾಣುವುದೇ ಇಲ್ಲ.

ಈಗ ಅದೇ ಕೆಂಪನ್ನು ತುಮಕೂರಿನ ಅಮಾನಿಕೆರೆಯಂಥ ಕೆರೆಯ ಅಂಚಿನಲ್ಲಿ ನೋಡೋಣ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದ ಕರಿ ಕೆಸರನ್ನು ಒಂದು ಬೊಗಸೆ ತೆಗೆದು ಬಿಳಿ ತಟ್ಟೆಯಲ್ಲಿ ನೀರು ಹಾಕಿ ತೊಳೆಯಿರಿ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಆಮೇಲೆ ಅರ್ಧ ಇಂಚಿನ, ನೆತ್ತರಿನಷ್ಟು ಕೆಂಪಾದ ಮರಿಗಳು ಮೈ ಎಂಟರ ಆಕಾರಕ್ಕೆ ಬಾಗಿಸುತ್ತ ಒದ್ದಾಡುವುದು ಕಾಣುತ್ತದೆ. ಸಂಜೆ ಕೆರೆದಂಡೆಯ ದೀಪಗಳಿಗೆ ಮುತ್ತುವ, ಸೊಳ್ಳೆಯ ರೂಪದ ಆದರೆ ಕಚ್ಚದ ನುಸಿಗಳ ಮರಿಗಳು ಇವು, ಹೆಸರು ಕೈರೋನೊಮಿಡ್. ಇವುಗಳ ಕೆಂಪು ಅಡಗಿಕೊಳ್ಳಲು ಅಲ್ಲ, ಉಸಿರಿಗೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ಬಳಗದ್ದೇ ಆದ ಅಣು ಅವುಗಳ ಮೈದ್ರವದಲ್ಲಿ ಕರಗಿಕೊಂಡಿದೆ. ಕೀಟಗಳಲ್ಲಿ ಇದು ಅಪರೂಪ. ಆಮ್ಲಜನಕ ಹೆಚ್ಚುಕಡಿಮೆ ಇಲ್ಲದ ಕೆಸರಿನಲ್ಲಿ, ಸಿಕ್ಕಿದ ಚೂರನ್ನು ಬಿಗಿಹಿಡಿದು ಕೂಡಿಡಲು ಅದು ಬೇಕು.

1977ರಲ್ಲಿ ಪೆಸಿಫಿಕ್‌ನ ಗ್ಯಾಲಪಗೋಸ್ ಬಳಿ ‘ಆಲ್ವಿನ್’ ನೌಕೆಯಲ್ಲಿ 2,500 ಮೀಟರ್ ಇಳಿದವರು ಕಂಡದ್ದು ಬೆಚ್ಚನೆಯ ಬುಗ್ಗೆಗಳ ಸುತ್ತ ಬಿಳಿ ಕೊಳವೆಗಳಿಂದ ಹೊರಚಾಚಿದ ಕಡುಕೆಂಪು ಗರಿಗಳನ್ನು. ಎರಡು ಮೀಟರ್ ಉದ್ದದ ಆ ಹುಳುಗಳಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಗರಿಯ ಕೆಂಪು ಹಿಮೋಗ್ಲೋಬಿನ್‌ನದೇ. ಅದು ಆಮ್ಲಜನಕವನ್ನೂ ಹೈಡ್ರೋಜನ್ ಸಲ್ಫೈಡ್ ಅನ್ನೂ ಒಟ್ಟಿಗೇ ಹೊತ್ತು ಮೈಯೊಳಗೆ ನೆಲೆಸಿದ ಬ್ಯಾಕ್ಟೀರಿಯಾಗಳಿಗೆ ತಲುಪಿಸುತ್ತದೆ. ಸಲ್ಫೈಡ್ ಉರಿಸಿ ಪಡೆದ ಶಕ್ತಿಯಿಂದ ಬ್ಯಾಕ್ಟೀರಿಯಾಗಳು ಆಹಾರ ತಯಾರಿಸುತ್ತವೆ; ಹುಳು ಅದನ್ನು ಉಣ್ಣುತ್ತದೆ. ನಮ್ಮ ಜೀವಕೋಶಗಳ ಉಸಿರನ್ನೇ ನಿಲ್ಲಿಸುವ ವಿಷ ಅಲ್ಲಿ ಅನ್ನ. ಬುಗ್ಗೆಗಳ ಜೊತೆಗೆ ಮೀಥೇನ್ ಜಿನುಗುವ ತಣ್ಣನೆಯ ತಾಣಗಳೂ ಇವೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕೃಷ್ಣಾ-ಗೋದಾವರಿ ಮುಖಜಭೂಮಿಯಾಚೆಯ ಕಡಲಾಳದಲ್ಲಿ ಅಂಥದ್ದನ್ನು, ಅದರ ಚಿಪ್ಪುಜೀವಿಗಳ ಸಹಿತ, ಪತ್ತೆಹಚ್ಚಿದ್ದಾರೆ. ಕೆರೆಯ ಕೆಸರು ತುಳಿದಾಗ ಗುಳುಗುಳು ಏಳುವ ಗುಳ್ಳೆಗಳಲ್ಲಿರುವುದೂ ಮೀಥೇನ್.

ಉಸಿರಿನ ಕೊರತೆ ಕಡಲಿನ ತಳದಲ್ಲೇ ಹೆಚ್ಚು ಎಂದುಕೊಳ್ಳಬೇಡಿ. ತುಮಕೂರು, ಗುಬ್ಬಿ ಹಾಯುವ ಬಿ.ಎಚ್. ರಸ್ತೆಯನ್ನು ಹಿಡಿದು ಹೊನ್ನಾವರ ಮುಟ್ಟಿ, ಅಲ್ಲಿಂದ ಕಡಲೊಳಗೆ ದೂರ ಹೋದರೆ, ಅರಬ್ಬಿ ಸಮುದ್ರದ ಸುಮಾರು 150 ಮೀಟರ್‌ನಿಂದ 1,000 ಮೀಟರ್‌ವರೆಗಿನ ಪದರದಲ್ಲಿ ಆಮ್ಲಜನಕ ತೀರಾ ಅತ್ಯಲ್ಪ. ಮೇಲಿನಿಂದ ಬೀಳುವ ಆಹಾರವನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತ ಇದ್ದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಹೊಸ ನೀರು ಅಲ್ಲಿಗೆ ಬರುವುದು ಬಹಳ ನಿಧಾನ. ಅದಕ್ಕೂ ಕೆಳಗೆ ಪರಿಸ್ಥಿತಿ ಸುಧಾರಿಸುತ್ತದೆ. ಧ್ರುವದ ಕಡೆ ತಣ್ಣಗಾಗಿ ಮುಳುಗಿದ ನೀರು ಆಮ್ಲಜನಕ ಹೊತ್ತು ತಳದಗುಂಟ ಹರಿದುಬರುತ್ತದೆ. ಲ್ಯಾಂಟರ್ನ್ ಮೀನುಗಳು ಹಗಲಿಡೀ ಆ ಉಸಿರುಗಟ್ಟಿಸುವ ಪದರದಲ್ಲೇ ಅಡಗಿರುತ್ತವೆ, ಬೇಟೆಗಾರ ಮೀನುಗಳು ಅಲ್ಲಿಗೆ ಬರಲಾರವೆಂದು. ಕತ್ತಲಾದ ಮೇಲೆ ಮೇಲೆದ್ದು ಬಂದು ಉಂಡು, ಬೆಳಗಾಗುವ ಮುನ್ನ ಇಳಿಯುತ್ತವೆ.

ಕೆರೆಯ ಮೀನಿಗೆ ಆ ಆಯ್ಕೆ ಇಲ್ಲ. ಒಂದು ಲೀಟರ್ ಗಾಳಿಯಲ್ಲಿ 210 ಮಿಲಿಲೀಟರ್ ಆಮ್ಲಜನಕವಿದ್ದರೆ, 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 6 ಮಾತ್ರ. ನೀರು ಕಾದಷ್ಟೂ ಇನ್ನೂ ಕಡಿಮೆ. ಚರಂಡಿ ನೀರು ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಕೊಟ್ಟು, ರಾತ್ರಿ ತಾನೇ ಅದನ್ನು ಬಳಸುತ್ತದೆ. ನಸುಕಿನಲ್ಲಿ ಕಾಟ್ಲಾಗಳು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೆ. ಒಂದೆರಡು ದಿನ ಮೋಡ ಕವಿದರೆ ರಾಶಿಗಟ್ಟಲೆ ಸತ್ತು ತೇಲುತ್ತವೆ. ವಿಷ ಹಾಕಿದರು ಎಂಬ ಸುದ್ದಿ ಹಬ್ಬುತ್ತದೆ. ಆದರೆ ಎಷ್ಟೋ ಸಲ ವಿಷ ಹಾಕಿದವರು ಯಾರೂ ಇರುವುದಿಲ್ಲ. ಊರಿನ ಕೊಳಚೆಯೇ ಸಾಕು.

ಅದೇ ನೀರಿನಲ್ಲಿ ಕುಚ್ಚು ಮೀನು ಆರಾಮವಾಗಿರುತ್ತದೆ. ಕೊರವ ಎಂದೂ ಕರೆಯುವ ಈ ಮೀನಿನ ಕಿವಿರುಗಳ ಮೇಲ್ಗಡೆ ಗಾಳಿ ತುಂಬಿಕೊಳ್ಳುವ ಕೋಣೆ ಇದೆ. ಬೆಳೆದ ಕುಚ್ಚು ಮೀನು ಮೇಲೆ ಬಂದು ಗಾಳಿ ನುಂಗಲೇಬೇಕು. ಬಲೆಯ ಕೆಳಗೆ ಸಿಕ್ಕಿಸಿ ಮೇಲೆ ಬರದಂತೆ ತಡೆದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಚೇಳು ಮೀನಿಗೆ ಕಿವಿರಿನಿಂದ ಬೆನ್ನಿನ ಮಾಂಸದೊಳಗೆ ಬಾಲದತ್ತ ಹಾಯುವ ಎರಡು ಉದ್ದನೆಯ ಗಾಳಿಚೀಲಗಳಿವೆ. ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯೇ ಆಗಲಿ, ಮಳೆ ಕೈಕೊಟ್ಟ ವರ್ಷ ಕೆರೆಯಂಗಳ ಬಿರಿಯುತ್ತದೆ. ತೂಬಿನ ಹತ್ತಿರದ ಹೊಂಡವೂ ಆರಿದಾಗ ಕುಚ್ಚು ಕೆಸರಿಗೆ ಇಳಿದು, ಚರ್ಮದ ತೇವ ಆರದಂತೆ ನೋಡಿಕೊಂಡು ಗಾಳಿ ಎಳೆದುಕೊಳ್ಳುತ್ತ ಮಳೆಗೆ ಕಾಯುತ್ತದೆ. ನೀರಿನ ಬಸವನಹುಳುವಿಗೆ ಕಿವಿರು, ಶ್ವಾಸಕೋಶ ಎರಡೂ ಇವೆ. ಅದು ಮಣ್ಣಿನೊಳಗೆ ಸೇರಿ, ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳ ಎಳೆದುಕೊಂಡು ತಿಂಗಳುಗಟ್ಟಲೆ ಮಲಗುತ್ತದೆ.

ಎಲ್ಲರಿಗಿಂತ ಮುಂದೆ ಹೋಗಿರುವುದು ಫೇರಿ ಸೀಗಡಿ. ದಕ್ಷಿಣ ಭಾರತದ ಬಯಲುಸೀಮೆಯ ಮಳೆಗುಂಡಿಗಳಲ್ಲಿ, ಮೊದಲ ಮಳೆಯ ಬೆನ್ನಿಗೇ, ಬೆನ್ನಡಿಯಾಗಿ ಈಜುವ, ಗಾಜಿನಷ್ಟು ಪಾರದರ್ಶಕವಾದ ಅರ್ಧ-ಮುಕ್ಕಾಲು ಇಂಚಿನ ಜೀವಿ ಇದು. ಗುಂಡಿ ಆರುವ ಮೊದಲು, ಕೆಲವೇ ವಾರಗಳಲ್ಲಿ, ಹುಟ್ಟಿ ಬೆಳೆದು ಮೊಟ್ಟೆ ಇಟ್ಟು ಮುಗಿಸಬೇಕು. ಮೊಟ್ಟೆ ಎಂದರೆ ದಪ್ಪ ಕವಚದೊಳಗೆ ಬೆಳವಣಿಗೆ ನಿಲ್ಲಿಸಿದ ಭ್ರೂಣ. ಬಿಸಿಲಿಗೆ ಒಣಗಿ, ದೂಳಿನಲ್ಲಿ ಹಾರಿ, ವರ್ಷಗಟ್ಟಲೆ ಹಾಗೇ ಇದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಒಂದೇ ಮಳೆಗೆ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಕೆಲವು ಮುಂದಿನ ಮಳೆಗೆ, ಇನ್ನು ಕೆಲವು ಅದರ ಮುಂದಿನದಕ್ಕೆ. ಮಳೆ ನಂಬಿಕಸ್ಥನಲ್ಲ ಎಂಬುದು ಆ ಮೊಟ್ಟೆಯ ರಚನೆಯಲ್ಲೇ ಸೇರಿಹೋಗಿದೆ.

ಕಡಲಾಳ ಕಠೋರ, ಕೆರೆ ಸೌಮ್ಯ ಎಂದು ನಾವು ಹೇಳುವುದು ನಮ್ಮ ಮೈಯ ಅಳತೆಯಿಂದ. ಕಡಲಿನ ತಳದಲ್ಲಿ ನೀರಿನ ಬಿಸಿ ವರ್ಷವಿಡೀ ಒಂದರಿಂದ ನಾಲ್ಕು ಡಿಗ್ರಿಯೊಳಗೆ. ಉಪ್ಪು ಬದಲಾಗದು, ಕತ್ತಲೆ ಬದಲಾಗದು, ಒತ್ತಡ ಬದಲಾಗದು. ಒಮ್ಮೆ ಅದಕ್ಕೆ ಮೈ ಹೊಂದಿಕೊಂಡ ಮೇಲೆ ಅಲ್ಲಿನ ಪ್ರಾಣಿಗೆ ಅದು ಕಷ್ಟವೇ ಅಲ್ಲ. ಕಷ್ಟವಾಗುವುದು ಅಲ್ಲಿಂದ ಕದಲಿಸಿದಾಗ. ಬಾಚಣಿಗೆ ಜೆಲ್ಲಿಗಳ ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೀರಾ ಸ್ಪಷ್ಟವಾಗಿ ತೋರಿಸಿತು. ಆಳದ ಜಾತಿಗಳ ಜೀವಕೋಶದ ಪೊರೆಗಳು ಎಂಥ ಕೊಬ್ಬಿನಿಂದ ಆಗಿವೆ ಎಂದರೆ, ಆ ಒತ್ತಡವೇ ಅವುಗಳನ್ನು ಸರಿಯಾದ ಆಕಾರದಲ್ಲಿ ಹಿಡಿದಿಟ್ಟಿರುತ್ತದೆ. ಮೇಲೆ ತಂದರೆ ಪೊರೆಗಳು ಚೆದುರಿ ಜೆಲ್ಲಿ ಕರಗಿಹೋಗುತ್ತದೆ. ಕೆರೆಯ ಜೀವಿಗಳು ಕಲಿತಿರುವುದು ಇದರ ತದ್ವಿರುದ್ಧ: ನಸುಕಿಗೂ ಮಧ್ಯಾಹ್ನಕ್ಕೂ, ಕೋಡಿ ಬಿದ್ದ ವರ್ಷಕ್ಕೂ ಬರಗಾಲಕ್ಕೂ ನಡುವಿನ ಏರಿಳಿತವನ್ನು. ಈ ವ್ಯತ್ಯಾಸ ಪುಸ್ತಕದ ಸಂಗತಿಯಾಗಿ ಮಾತ್ರ ಉಳಿದಿಲ್ಲ, ಯಾಕೆಂದರೆ ಕಡಲಿನ ತಳಕ್ಕೆ ಈಗ ಬದಲಾವಣೆ ಹೊರಟಿದೆ.

ಅದನ್ನು ಹೇಳಲು ತುಮಕೂರು ಜಿಲ್ಲೆಯ ಕಲ್ಲಿಗೆ ಬರಬೇಕು. ಗುಬ್ಬಿಯಿಂದ ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿಯ ಕಡೆ ಹೋದರೆ ಚಿತ್ರದುರ್ಗದ ಶಿಲಾಪಟ್ಟಿ ಸಿಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯೂ ಗಣಿಗಳೂ ಬಂದದ್ದು ಆ ಕಲ್ಲಿನಿಂದಾಗಿ. ಇವೆಲ್ಲ 250 ಕೋಟಿ ವರ್ಷಕ್ಕೂ ಹಿಂದೆ ಒಂದು ಕಡಲಿನಲ್ಲಿ ಪದರ ಪದರವಾಗಿ ಕೂತವು. ಆ ಕಡಲಿನಲ್ಲಿ ಆಮ್ಲಜನಕ ಇಲ್ಲದಿದ್ದುದರಿಂದ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇತ್ತು. ಸಯನೋಬ್ಯಾಕ್ಟೀರಿಯಾಗಳು, ಕೆರೆ ಮೀನಿಗೆ ಮಣ್ಣಿನ ವಾಸನೆ ಕೊಡುವ ಬಳಗದ್ದೇ, ಬಿಸಿಲು ಬಳಸಿ ಆಮ್ಲಜನಕ ಬಿಡತೊಡಗಿದಾಗ ಕಬ್ಬಿಣ ತುಕ್ಕಾಗಿ ತಳ ಸೇರಿತು ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಹಾಗೆ ನೋಡಿದರೆ ಗಣಿ ಲಾರಿಗಳು ಸಾಗಿಸಿದ್ದು ಹಳೆಯ ಕಡಲಿನ ತಳವನ್ನೇ. ಅದರ ಕೆಂಪು ದೂಳು ಹೊಲಕ್ಕೆ, ಕೆರೆಗೆ ಏನು ಮಾಡಿತು ಎಂದು ಈ ಭಾಗದವರು ಕಂಡಿದ್ದಾರೆ; 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಬೇಕಾಯಿತು.

ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ, 5,000 ಮೀಟರ್ ಆಸುಪಾಸಿನ ಆಳದಲ್ಲಿ, ಆಲೂಗಡ್ಡೆ ಗಾತ್ರದ ಕರಿ ಗಂಟುಗಳು ಹರಡಿಕೊಂಡಿವೆ. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ತುಂಬಿದ ಇವು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್. ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ 2002ರಲ್ಲಿ ಆದ ಒಪ್ಪಂದದಂತೆ ಅಲ್ಲಿನ 75,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಶೋಧನೆಯ ಹಕ್ಕು ಭಾರತದ್ದು. ಅಂದರೆ ಏಳು ತುಮಕೂರು ಜಿಲ್ಲೆಗಳಷ್ಟು ಜಾಗ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಯಲ್ಲಿ ಮತ್ಸ್ಯ-6000 ಕೂಡ ಇದೆ, ಗಂಟುಗಳನ್ನು ಬಾಚಿ ಮೇಲೆತ್ತುವ ತಂತ್ರಜ್ಞಾನವೂ ಇದೆ.

ಮೆತ್ತನೆಯ ಹೂಳಿನ ಆ ಬಯಲಿನಲ್ಲಿ ಗಟ್ಟಿ ನೆಲೆ ಎಂದರೆ ಗಂಟು ಮಾತ್ರ. ಸ್ಪಂಜುಗಳು, ಹವಳದ ನೆಂಟರು ಅದಕ್ಕೆ ಅಂಟಿಕೊಂಡೇ ಬದುಕುತ್ತವೆ. ಪೆಸಿಫಿಕ್‌ನಲ್ಲಿ ಇಂಥದೇ ಗಂಟುಗಳಿರುವ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ 5,000ಕ್ಕೂ ಹೆಚ್ಚು ಪ್ರಾಣಿಜಾತಿಗಳಿವೆ, ಅವುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತಕ್ಕೆ ಇನ್ನೂ ಹೆಸರೇ ಇಲ್ಲ ಎಂದು 2023ರ ಒಂದು ಗಣನೆ ತೋರಿಸಿದೆ. ಹಿಂದೂ ಮಹಾಸಾಗರದ ಬಿಸಿ ಬುಗ್ಗೆಗಳ ಬಳಿ 2001ರಲ್ಲಿ ಪತ್ತೆಯಾದ, ಪಾದದ ಹುರುಪೆಗಳಿಗೆ ಕಬ್ಬಿಣದ ಸಲ್ಫೈಡ್ ಲೇಪಿಸಿಕೊಂಡಿರುವ ಬಸವನಹುಳು 2019ರಲ್ಲಿ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು. ಸಾಗರತಳದ ಗಣಿಗಾರಿಕೆಯ ಭೀತಿಯಿಂದ ಹಾಗೆ ಪಟ್ಟಿ ಸೇರಿದ ಮೊದಲ ಪ್ರಾಣಿ ಅದು.

ಏನಾಗಬಹುದು ಎಂಬುದಕ್ಕೆ ಒಂದು ಪ್ರಯೋಗವೇ ಇದೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರುವಿನಾಚೆ 4,150 ಮೀಟರ್ ಆಳದ ತಳವನ್ನು ಒಂದು ನೇಗಿಲಿನಂಥ ಸಾಧನದಿಂದ ಉತ್ತರು. 26 ವರ್ಷ ಬಿಟ್ಟು 2015ರಲ್ಲಿ ಅದೇ ಜಾಗಕ್ಕೆ ಹೋದಾಗ ಸಾಲುಗಳು ಹಾಗೇ ಕಾಣುತ್ತಿದ್ದವು. ಬ್ಯಾಕ್ಟೀರಿಯಾಗಳ ಚಟುವಟಿಕೆ ಕೂಡ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಜೆಸಿಬಿ ಇಳಿಸಿ ಹೂಳೆತ್ತಿದ ಕೆರೆಯಲ್ಲಿ ಮರು ಮಳೆಗೇ ನುಸಿಯ ಮರಿಗಳು ಬರುತ್ತವೆ, ಮೇಲಿನ ಕೆರೆಯ ಕೋಡಿ ನೀರಿನೊಡನೆ ಕುಚ್ಚು ಬರುತ್ತದೆ. ಕೆರೆಯ ಅನುಭವವನ್ನು ಇಟ್ಟುಕೊಂಡು ಕಡಲಿನ ತಳದ ಬಗ್ಗೆ ತೀರ್ಮಾನ ಮಾಡುವುದು ಅಪಾಯಕರ. ವಾಣಿಜ್ಯ ಗಣಿಗಾರಿಕೆ ಇನ್ನೂ ಶುರುವಾಗಿಲ್ಲ. ಅದರ ಅಂತರರಾಷ್ಟ್ರೀಯ ನಿಯಮಗಳು ಚರ್ಚೆಯಲ್ಲೇ ಇವೆ. ನಮ್ಮ ಪಾಲಿನ ಆ ಏಳು ಜಿಲ್ಲೆಯಷ್ಟು ಕತ್ತಲೆಯಲ್ಲಿ ಯಾರು ಯಾರು ಬದುಕಿದ್ದಾರೆ, ಎಷ್ಟು ನಿಧಾನವಾಗಿ ಬೆಳೆಯುತ್ತಾರೆ ಎಂಬ ದಾಖಲೆ ಬಾಚುವ ಯಂತ್ರಕ್ಕಿಂತ ಮೊದಲು ಸಿದ್ಧವಾಗಬೇಕು. ಮತ್ಸ್ಯ-6000ರ ಮೊದಲ ಇಳಿತಗಳಿಂದ ನಾನು ಕೇಳುವುದು ಅದನ್ನೇ.